ಬಾಯಿ ತುಂಬ ನೀರು ಹಿಡಿದ ಮಂಕಾಳಜ್ಜ

ಯಾವ ಕಾಲದ ಕತೆ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಯನ್ನು ಒಂದು ಸಲ ಕೇಳಿದ್ದಕ್ಕೆ, "ನನ್ನಜ್ಜಿಗೇ ಗೊತ್ತಿರಲಿಲ್ಲ, ನಿಂಗೆ ಎಂತಕ್ಕೆ?" ಅಂತ ಬಾಯಿ ಮುಚ್ಚಿಸಿದ್ಲು. ಬಹಳ ಹಿಂದೆ ಅಂದುಕೊಳ್ಳಿ, ಸಾಕು. ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವಲ್ಲಿ, ಕಡವಿನಹಕ್ಕಲ ಅಂತ ಒಂದೂರು. ಅಂದರೆ ನಮ್ಮ ಇದೇ ಊರು. ಆಗ ಮನೆಗಳು ಕಡಿಮೆ, ಮರಗಳು ಜಾಸ್ತಿ, ನೀರು ಮಾತ್ರ ಇಷ್ಟೇ. ಆ ಊರಲ್ಲಿ ಮಂಕಾಳು ಅಂತ ಒಬ್ಬ ಇದ್ದನಂತೆ.

ಊರಿಗೂ ಹೊಳೆಗೂ ನಡುವೆ ಗಜನಿ. ಹೊಳೆಯ ನೀರಿಗಿಂತ ತಗ್ಗಿನಲ್ಲಿರುವ ಗದ್ದೆಗೆ ನಾವು ಹಾಗೆ ಹೇಳೋದು. ದಿನಕ್ಕೆ ಎರಡು ಸಲ ಭರತ ಬರ್ತದೆ, ಸಮುದ್ರದ ಉಪ್ಪುನೀರು ಹೊಳೆಯೊಳಗೆ ಏರ್ತದೆ. ಎರಡು ಸಲ ಇಳಿತ, ನೀರು ವಾಪಸ್ಸು ಹೋಗ್ತದೆ. ಗದ್ದೆಗೂ ಆ ನೀರಿಗೂ ಮಧ್ಯೆ ಇರುವುದು ಒಂದು ಮಣ್ಣಿನ ಕಟ್ಟೆ, ಕಟ್ಟೆಯಲ್ಲೊಂದು ತೂಬು. ಭರತದ ಹೊತ್ತಿಗೆ ತೂಬಿನ ಹಲಗೆ ಇಳಿಸಬೇಕು, ಇಳಿತದಲ್ಲಿ ಹಲಗೆ ಎತ್ತಿ ಒಳಗಿನ ಮಳೆನೀರನ್ನು ಹೊರಗೆ ಬಿಡಬೇಕು. ಕಟ್ಟೆ ನಿಂತರೆ ಮನೆ ಮನೆಗೆ ಕಗ್ಗದ ಭತ್ತ, ಉಪ್ಪುನೆಲದಲ್ಲೂ ಬೆಳೆಯುವಂಥದ್ದು. ಕಟ್ಟೆ ಹೋದರೆ ಆ ವರ್ಷ ಗಂಜಿಗೂ ಗತಿಯಿಲ್ಲ.

ಆ ಕಟ್ಟೆ ಅರಸನದ್ದಲ್ಲ, ಯಾವ ಒಡೆಯನದ್ದೂ ಅಲ್ಲ. ಊರಿನದ್ದು. ಮನೆಗೊಬ್ಬರಂತೆ ಅರವತ್ತು ಜನ ಬಂದು ಅದನ್ನು ನೋಡಿಕೊಳ್ತಿದ್ರು. ಅವರಿಗೆ ಕಟ್ಟೆಮಂದಿ ಅಂತ ಹೆಸರು. ಕೂಲಿ ಇಲ್ಲ. ಬಾರದಿದ್ದರೆ ದಂಡ ಇಲ್ಲ. ಶಂಖ ಊದಿದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬುಟ್ಟಿ ಹಿಡಿದು ಓಡೋದು, ಅಷ್ಟೇ. ಆ ಶಂಖ ಊದುತ್ತಿದ್ದವನು ಮಂಕಾಳು.

ಅವನ ಬಗ್ಗೆ ಏನೆಲ್ಲ ಹೇಳ್ತಾರೆ ಅಂದರೆ ಹೇಳಿ ಮುಗಿಯದು. ಕಟ್ಟೆಗೆ ಕಿವಿ ಕೊಟ್ಟು ಮಲಗಿದರೆ ಒಳಗೆ ಏಡಿ ಕೊರೆಯುವ ಸದ್ದು ಅವನಿಗೆ ಕೇಳ್ತಿತ್ತಂತೆ. ಬರಿಗಾಲಲ್ಲಿ ನಡೆದರೆ ಎಲ್ಲಿ ನೀರು ಜಿನುಗ್ತದೆ ಅಂತ ಹಿಮ್ಮಡಿಗೇ ಗೊತ್ತಾಗ್ತಿತ್ತಂತೆ. ಒಂದು ಸಲ ಕಟ್ಟೆ ಬಿರುಕು ಬಿಟ್ಟಾಗ ಮಣ್ಣು ಬರುವ ತನಕ ಆ ಬಿರುಕಿಗೆ ಬೆನ್ನು ಕೊಟ್ಟು ಕೂತಿದ್ನಂತೆ, ಮೀನುಗಳು ಬಂದು ಅವನ ಬೆನ್ನು ಕಚ್ಚಿ ಕಚ್ಚಿ ಹೋದವಂತೆ. ಹೇಳುವವರು ಹಾಗೆ ಹೇಳ್ತಾರೆ. ನಮ್ಮಜ್ಜಿ ಮಾತ್ರ, "ಮೀನು ಕಚ್ಚಿದ್ದು ಹೌದು, ಬೆನ್ನಿಗಲ್ಲ, ಸ್ವಲ್ಪ ಕೆಳಗೆ," ಅಂತ ನಗ್ತಿದ್ಲು.

ಹೀಗಾಗಿ ಮಂಕಾಳು ಅಂದರೆ ಊರಿಗೆ ಊರೇ ತಲೆಬಾಗ್ತಿತ್ತು. ಅವನು ಇಲ್ಲಿ ಮಣ್ಣು ಅಂದರೆ ಅಲ್ಲಿ ಮಣ್ಣು, ಹಲಗೆ ಇಳಿಸಿ ಅಂದರೆ ಹಲಗೆ ಕೆಳಗೆ. ಕಟ್ಟೆಯ ಮೇಲೆ ಅರವತ್ತು ಜನರಿಗೆ ಸೇರಿ ತಲೆ ಒಂದೇ, ಅದು ಮಂಕಾಳುದು. ಯಾರೂ ಯೋಚನೆ ಮಾಡಬೇಕಾಗಿರಲಿಲ್ಲ. ಅವನಿಗೂ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ? ಹೊಗಳಿಕೆ ಯಾರಿಗೆ ಬೇಡ ಮಾರಾಯ್ರೆ.

ಒಂದು ಮಳೆಗಾಲ, ಅಮಾಸೆಯ ಭರತದ ದಿನ, ಅವನಿಗೆ ಜ್ವರ ಬಂತು. ಕಂಬಳಿ ಹೊದ್ದು ಬಿದ್ದುಕೊಂಡಿದ್ದ. ಭರತದ ಹೊತ್ತಂತೂ ಎಲ್ಲರಿಗೂ ಗೊತ್ತೇ ಇತ್ತು, ಅರವತ್ತು ಜನ ಕಟ್ಟೆಗೆ ಬಂದ್ರು. ನೀರು ಏರಿತು. ಕಟ್ಟೆಯಲ್ಲಿ ಏಡಿ ಕೊರೆದ ಒಂದು ತೂತು, ಕೈ ಹೋಗುವಷ್ಟು ದೊಡ್ಡದು, ಅಷ್ಟೇ. ಅದರಲ್ಲಿ ನೀರು ಚಿಮ್ಮಿತು. ಹತ್ತು ಜನ ಅದನ್ನು ನೋಡಿದ್ರಂತೆ. ನೋಡಿ ಎಂತ ಮಾಡಿದ್ರು? ಬುಟ್ಟಿ ಹಿಡಿದು ನಿಂತ್ರು. ಮಂಕಾಳಣ್ಣ ಹೇಳಲಿ ಅಂತ ನಿಂತ್ರು. ಮಣ್ಣು ಹಾಕಬೇಕೋ, ಹುಲ್ಲು ತುರುಕಬೇಕೋ, ತಪ್ಪಾದರೆ ಅಣ್ಣ ಬೈದಾನೋ ಅಂತ ಒಬ್ಬರ ಮುಖ ಒಬ್ಬರು ನೋಡಿದ್ರು. ಕಡೆಗೆ ಒಬ್ಬ ಅವನ ಮನೆಗೆ ಓಡಿದ. ಮಂಕಾಳು ಕಂಬಳಿ ಸಮೇತ ತೂರಾಡಿಕೊಂಡು ಬರುವಷ್ಟರಲ್ಲಿ ಆ ತೂತಿನಲ್ಲಿ ಎತ್ತಿನ ಗಾಡಿ ಹೋಗಬಹುದಿತ್ತು. ಗಜನಿ ತುಂಬ ಉಪ್ಪುನೀರು.

ಆ ವರ್ಷ ಊರವರು ಗೆಡ್ಡೆ ಗೆಣಸು ಅಗೆದು ತಿಂದ್ರು. ಎಷ್ಟೋ ಮನೆಯವರು ಕೂಲಿಗೆ ಅಂತ ಘಟ್ಟ ಹತ್ತಿದ್ರು. ಆದರೂ ಕಂಡಕಂಡವರೆಲ್ಲ ಮಂಕಾಳುಗೆ ಹೇಳಿದ್ದು ಒಂದೇ ಮಾತು: "ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಮಂಕಾಳಣ್ಣ." ಕೇಳಿ ಕೇಳಿ ಅವನಿಗೆ ಒಳಗೊಳಗೇ ಒಂಥರಾ ಸಮಾಧಾನ. ಒಂದು ದಿನ ಹೆಂಡತಿಯ ಹತ್ತಿರವೂ ಅದೇ ಮಾತು ಆಡಿದ. ಹೆಂಡತಿ ಹೊನ್ನಿ ಒಲೆ ಊದ್ತಿದ್ಲು. ತಲೆ ಎತ್ತಿದ್ಲಂತೆ.

"ನೀನಿಲ್ಲದ್ದಕ್ಕೆ ಒಡೆದದ್ದಲ್ಲ," ಅಂದ್ಲು. "ಇಷ್ಟು ವರ್ಷ ನೀನೊಬ್ಬನೇ ಇದ್ದದ್ದಕ್ಕೆ ಒಡೆದದ್ದು. ನಾಳೆ ನೀ ಸತ್ತರೆ ಕಟ್ಟೆಯನ್ನೂ ಚಿತೆಗೆ ಹಾಕೋದಾ?"

ಅಷ್ಟು ಹೇಳಿ ಮತ್ತೆ ಒಲೆ ಊದಿದ್ಲು. ಮಂಕಾಳುಗೆ ಸಿಟ್ಟು ಬಂತು, ತಟ್ಟೆ ದೂಡಿ ಎದ್ದ. ಮೂರು ದಿನ ಹೆಂಡತಿಯ ಜೊತೆ ಮಾತಿಲ್ಲ. ನಾಲ್ಕನೇ ದಿನ ತಾನಾಗಿಯೇ ಬಂದು ಒಲೆ ಮುಂದೆ ಕೂತು, "ನೀ ಹೇಳಿದ್ದು ಹೌದು," ಅಂದ.

ಬೇಸಿಗೆಯಲ್ಲಿ ಊರೆಲ್ಲ ಸೇರಿ ಕಟ್ಟೆಯನ್ನು ಮತ್ತೆ ಕಟ್ಟಿದ್ರು. ಮಳೆ ಹಿಡಿಯುವ ಮುಂಚೆ ಮಂಕಾಳು ತನ್ನ ಮನೆಯಲ್ಲಿದ್ದ ಶಂಖ ತಂದು ತೂಬಿನ ಕಂಬಕ್ಕೆ ನೇತುಹಾಕಿದ. ಇನ್ನು ಮೇಲೆ ಒಂದೊಂದು ಭರತಕ್ಕೆ ಒಬ್ಬೊಬ್ಬರು ಶಂಖ ಹಿಡಿಯೋದು, ಹಿಡಿದವರ ಮಾತೇ ಆ ಭರತಕ್ಕೆ ಮಾತು, ನಾನೂ ಅವರು ಹೇಳಿದ ಹಾಗೆ ಬುಟ್ಟಿ ಹೊರೋದು, ಅಂದ. ಜನ ಬಿದ್ದು ಬಿದ್ದು ನಕ್ರು. ಮಂಕಾಳಣ್ಣ ಸುಮ್ಮನಿರೋದಾ? ಅದು ಆಗುವ ಹೋಗುವ ಮಾತಾ?

ಆಗಲೂ ಇಲ್ಲ. ಮೊದಲ ಭರತದಲ್ಲಿ ಶಂಖ ಬೇರೆಯವರ ಕೈಲಿತ್ತು, ಬಾಯಿ ಮಂಕಾಳುದೇ. "ನಾನು ಮಾತಾಡೋದಿಲ್ಲ" ಅಂತ ಹೇಳ್ತಾ ಹೇಳ್ತಾನೇ ಮೂವತ್ತು ಸಲ ಕೂಗಿದನಂತೆ. ಕೂಗಿ ಕೂಗಿ ತನಗೇ ನಾಚಿಕೆಯಾಯ್ತು. ಎರಡನೇ ಭರತಕ್ಕೆ ಎಂತ ಮಾಡಿದ ಗೊತ್ತಾ? ಹೊಳೆಗೆ ಇಳಿದು, ಎರಡೂ ಕೈಯಲ್ಲಿ ಉಪ್ಪುನೀರು ಮೊಗೆದು, ಬಾಯಿ ತುಂಬ ತುಂಬಿಕೊಂಡ. ಕೆನ್ನೆ ಎರಡೂ ಊದಿಸಿಕೊಂಡು, ಬುಟ್ಟಿ ಹಿಡಿದು, ಸಾಲಿನ ಕಡೆಯಲ್ಲಿ ಹೋಗಿ ನಿಂತ. ಇಳಿತ ಶುರುವಾದ ಮೇಲೇ ಉಗುಳಿದ್ದು. ಉಗುಳಿ ಶಂಖ ಹಿಡಿದವನ ಹತ್ತಿರ ಹೋಗಿ ಕೇಳಿದ್ದು ಒಂದೇ: "ಇವತ್ತು ಎಂತ ಕಂಡೆ?" ಸರಿ ಮಾಡಿದೆ, ತಪ್ಪು ಮಾಡಿದೆ ಅಂತ ಒಂದು ಮಾತೂ ಇಲ್ಲ. ಎಂತ ಕಂಡೆ? ಅಷ್ಟೇ. ಅಂದಿನಿಂದ ಪ್ರತಿ ಭರತಕ್ಕೂ ಹಾಗೆಯೇ, ಬಾಯಿ ತುಂಬ ನೀರು.

ಕಟ್ಟೆಮಂದಿಯಲ್ಲಿ ಜಟ್ಟು ಅಂತ ಒಬ್ಬ. ಗಟ್ಟಿ ಆಳು, ಇಬ್ಬರು ಹೊರುವ ಬುಟ್ಟಿ ಒಬ್ಬನೇ ಹೊರುವವನು. ಮಂಕಾಳು ಅಂದರೆ ಅವನಿಗೆ ಪ್ರಾಣ. ತನ್ನ ಸರದಿ ಬಂದಾಗ ಮಂಕಾಳುವಿನ ಹಾಗೆಯೇ ಕೂಗಿದ, ಮಂಕಾಳುವಿನ ಹಾಗೆಯೇ ಸೊಂಟಕ್ಕೆ ಕೈ ಇಟ್ಟ. ಮಂಕಾಳುಗೆ ಒಂದು ಕಾಲು ಸ್ವಲ್ಪ ಕುಂಟು, ಇವನೂ ಕುಂಟುತ್ತಾ ನಡೆದ! ಜನ ಮುಸಿ ಮುಸಿ ನಕ್ರು. ಮೂರನೇ ಸರದಿಯಲ್ಲಿ ದೇವು ಅನ್ನುವ ಮುದುಕ ನಿಧಾನವಾಗಿ ಹೊರ್ತಾನೆ ಅಂತ ಸಿಟ್ಟಾಗಿ, ನಾಳೆಯಿಂದ ಬರಬೇಡ ಅಂದುಬಿಟ್ಟ. ದೇವು ಬುಟ್ಟಿ ಬೋರಲು ಹಾಕಿ ಮನೆಗೆ ಹೋದ. ಮಾರನೇ ಭರತಕ್ಕೆ ಅವನ ಜೊತೆ ಇನ್ನೂ ಹತ್ತು ಜನ ಬರಲಿಲ್ಲ.

ಜಟ್ಟು ಕುದಿಯುತ್ತಾ ಮಂಕಾಳುವಿನ ಅಂಗಳಕ್ಕೆ ಬಂದ. "ಅಜ್ಜ, ಇವರಿಗೆ ಕಟ್ಟೆ ಬೇಡವಂತೆ!" ಅಂದ. ಅಷ್ಟರಲ್ಲಿ ಮಂಕಾಳುಗೆ ತಲೆ ಹಣ್ಣಾಗಿ ಎಲ್ಲರೂ ಅಜ್ಜ ಅಂತಲೇ ಕರೀತಿದ್ರು. ಅಜ್ಜ ಅವನನ್ನು ಕೂರಿಸಿದ. ಕೂಲಿಯ ಆಳಾದರೆ ಬೈದರೂ ಬರ್ತಾನೆ, ಅವನಿಗೆ ಹೊಟ್ಟೆಪಾಡು. ಇವರು ಬರೋದು ಮನಸ್ಸಿಂದ, ಆ ಮನಸ್ಸು ಮುರಿದ ಮೇಲೆ ನಿನ್ನ ಹತ್ತಿರ ಉಳಿಯೋದು ಬರಿ ಶಂಖ, ಅಂತ ಹೇಳಿದ. ಹನ್ನೊಂದು ಮನೆಗೂ ಹೋಗು ಅಂದ. ಬನ್ನಿ ಅಂತ ಕರೆಯಬೇಡ, ತಪ್ಪಾಯ್ತು ಅಂತ ಕೈ ಮುಗಿಯಲೂ ಬೇಡ. ಕಟ್ಟೆಯ ಮೇಲೆ ನಿಮಗೆ ಎಂತ ನೋಯ್ತದೆ ಅಂತ ಕೇಳು, ಕೇಳಿ ಎದ್ದು ಬಾ, ಅಂದ.

ಜಟ್ಟು ಹೋದ. ದೇವುನ ಭುಜದ ಮೂಳೆ ಜಾರಿ ವರ್ಷವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಒಬ್ಬಳು ಹಾಲು ಕುಡಿಯುವ ಮಗುವನ್ನು ಮನೆಯಲ್ಲಿ ಬಿಟ್ಟು ಬರ್ತಿದ್ಲು. ಒಬ್ಬನನ್ನು ಯಾವಾಗಲೂ ಚಿಪ್ಪು ಚುಚ್ಚುವ ಕಡೆಯಲ್ಲೇ ನಿಲ್ಲಿಸ್ತಿದ್ರು, ಅವನ ಅಂಗಾಲು ತುಂಬ ಗಾಯ. ಹನ್ನೊಂದು ಮನೆ ಮುಗಿಸಿ ಬಂದ ಜಟ್ಟು ಬೇರೆಯೇ ಮನುಷ್ಯ ಅಂತಾರೆ. ಅವನಾಗಿ ಸಾಲು ಬದಲಿಸಿದ. ದೇವುನನ್ನು ಮಣ್ಣು ತುಂಬಿಸಲು ಕೂರಿಸಿದ, ಬಾಣಂತಿಯನ್ನು ಮನೆಗೆ ಹತ್ತಿರದ ತೂಬಿಗೆ ಹಾಕಿದ, ಚಿಪ್ಪಿನ ಕಡೆ ತಾನೇ ನಿಂತ. ಯಾರೂ ಕರೆಯದೆಯೇ ಹನ್ನೊಂದು ಜನವೂ ತಿರುಗಿ ಬಂದ್ರು. ಜಟ್ಟು ಕುಂಟೋದನ್ನೂ ಬಿಟ್ಟ.

ಇನ್ನೊಬ್ಬಳು ಸೋಮಿ. ಇಳಿತದಲ್ಲಿ ಹೊಳೆಗೆ ಇಳಿದು ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಬದುಕುವವಳು. ಮಾತು ಕಡಿಮೆ. ಮೊದಲ ಸಲ ಶಂಖ ಸಿಕ್ಕಿದಾಗ ಹಲಗೆ ಇಳಿಸಲಾ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಹೋದಳು. ಅರವತ್ತು ಜನರನ್ನು ಕೇಳಿ ಮುಗಿಸುವಷ್ಟರಲ್ಲಿ ಭರತ ತೂಬಿನೊಳಗೆ ನುಗ್ಗಿ ಗದ್ದೆಯಲ್ಲಿ ಮೀನು ಕುಣೀತಿದ್ದವು. ಮಂಕಾಳಜ್ಜ ಕಣ್ಣು ಕೆಂಪು ಮಾಡಿ, ಕಾಲು ನೆಲಕ್ಕೆ ಕುಟ್ಟಿದ, ಆದರೂ ನೀರು ಉಗುಳಲಿಲ್ಲವಂತೆ. "ಸೋಮಿಯ ದಯೆ, ಇವತ್ತು ಮೀನು ಸಾರು!" ಅಂತ ಜನ ಚೇಷ್ಟೆ ಮಾಡಿದ್ರು, ಇನ್ನೂ ಬಿತ್ತನೆ ಆಗಿರದ್ದಕ್ಕೆ ಬೆಳೆ ಹೋಗಲಿಲ್ಲ. ಸಂಜೆ ಅಜ್ಜ ಕೇಳಿದ, ಎಂತ ಕಂಡೆ ಅಂತ. ಕೇಳೋದಕ್ಕೂ ಒಂದು ಹೊತ್ತುಂಟು ಅಂತ ಕಂಡೆ, ಅಂದಳು. ಮುಂದಿನ ಸಲದಿಂದ ಭರತಕ್ಕೆ ಒಂದು ಜಾವ ಮುಂಚೆಯೇ ಬಂದು ಕೇಳಬೇಕಾದವರನ್ನು ಕೇಳಿ, ನೋಡಬೇಕಾದ್ದನ್ನು ನೋಡಿ, ಆಮೇಲೆ ಶಂಖ ಮುಟ್ಟುತ್ತಿದ್ದಳು.

ಹೀಗೆ ಏಳು ಮಳೆಗಾಲ ಹೋದವಂತೆ. ಅಜ್ಜನ ಮನಸ್ಸಲ್ಲಿ ಒಂದು ಲೆಕ್ಕ ಇತ್ತು. ಸಣ್ಣ ಭರತಕ್ಕೆ ಸೋಮಿ ಸಾಕು, ದೊಡ್ಡ ಭರತಕ್ಕೆ ಜಟ್ಟುನೇ ಬೇಕು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೊನ್ನಿಗೂ ಹೇಳಿರಲಿಲ್ಲ, ಬೈದಾಳು ಅಂತ.

ಏಳನೇ ವರ್ಷದ ಆಷಾಢ ಹುಣ್ಣಿಮೆ. ಘಟ್ಟದ ಮೇಲೆ ಎಂಟು ದಿನದಿಂದ ಬಿಡದ ಮಳೆ. ಮೇಲಿಂದ ಹೊಳೆ ಕೆಂಪಾಗಿ ತುಂಬಿ ಬಂತು, ಕೆಳಗಿಂದ ಹುಣ್ಣಿಮೆಯ ಭರತ ಏರಿ ಬಂತು. ನಡು ಮಧ್ಯಾಹ್ನ ಎರಡೂ ನೀರು ಬಂದು ಕಟ್ಟೆಯ ಮುಂದೆ ಎದೆಗೆ ಎದೆ ಕೊಟ್ಟು ನಿಂತವು. ಅಂಥ ನೀರನ್ನು ಊರು ಅದಕ್ಕೆ ಮುಂಚೆ ನೋಡಿರಲಿಲ್ಲವಂತೆ. ಅವತ್ತಿನ ಸರದಿ ಯಾರದ್ದು? ಸೋಮಿಯದ್ದು.

ಮಂಕಾಳಜ್ಜ ಬಾಯಿಗೆ ನೀರು ತುಂಬಿಕೊಳ್ಳುವ ಮುಂಚೆ ಒಂದು ಸಲ ಜಟ್ಟುನ ಕಡೆ ನೋಡಿದನಂತೆ. ಆದರೆ ಸರದಿ ಅಂದರೆ ಸರದಿ.

ಗಜನಿಯ ಬಡಗು ಮೂಲೆ ಎಲ್ಲಕ್ಕಿಂತ ತಗ್ಗು. ಅಲ್ಲಿ ಐದು ಮನೆಗಳ ಗದ್ದೆ, ಅದರಲ್ಲಿ ದೊಡ್ಡದು ಮಂಕಾಳಜ್ಜನದ್ದು. ಆ ಮೂಲೆಯನ್ನು ಉಳಿದ ಗಜನಿಯಿಂದ ಬೇರೆ ಮಾಡುವ ಒಂದು ಅಡ್ಡಕಟ್ಟೆ ಇತ್ತು, ಮೊಣಕಾಲೆತ್ತರದ್ದು. ಸೋಮಿ ದೊಡ್ಡ ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಬಡಗು ಮೂಲೆಯಲ್ಲಿ ನಿಂತು ಹಿಮ್ಮಡಿ ಊರಿ ನೋಡಿದಳು. ಬಂದು ಶಂಖ ಊದಿದಳು.

"ಮೂಲೆ ಬಿಟ್ಟುಬಿಡಿ," ಅಂದಳು. "ಎಲ್ಲರೂ ಅಡ್ಡಕಟ್ಟೆಗೆ ಬನ್ನಿ. ಅದನ್ನು ಎತ್ತರ ಮಾಡುವ."

ಅರವತ್ತು ಜನ ಕಲ್ಲಾದ್ರು. ಬಿಡೋದಾ? ಮಂಕಾಳಜ್ಜ ನಲವತ್ತು ವರ್ಷದಲ್ಲಿ ತಾನಾಗಿ ಒಂದು ಗೇಣು ಗದ್ದೆಯನ್ನೂ ಭರತಕ್ಕೆ ಬಿಟ್ಟುಕೊಟ್ಟವನಲ್ಲ. ಎಲ್ಲರ ಕಣ್ಣೂ ಅವನ ಕಡೆ ತಿರುಗಿತು. ಜಟ್ಟು ಓಡಿ ಬಂದು ಅವನ ಕೈ ಹಿಡಿದ. "ಅಜ್ಜ, ನೀರು ಉಗುಳು. ಒಂದು ಮಾತು ಹೇಳು ಸಾಕು. ಹೊರಗಿನ ಕಟ್ಟೆಯನ್ನು ನಾ ನಿಲ್ಲಿಸ್ತೇನೆ, ಆಣೆ ಮಾಡಿ ಹೇಳ್ತೇನೆ."

ಅಜ್ಜನ ಅಪ್ಪ ಕೆಸರು ಹೊತ್ತು ಮಾಡಿದ ಗದ್ದೆ ಅದು. ಹದಿನೈದು ದಿನದ ಹಿಂದೆ ಹೊನ್ನಿ ಸೊಂಟ ಬಗ್ಗಿಸಿ ಮೊಳಕೆ ಬಿತ್ತಿದ್ಲು, ಗೇಣುದ್ದ ಹಸಿರು ಬಂದಿತ್ತು. ಕಟ್ಟೆ ನಿಲ್ತದೆ ಅಂತಲೇ ಅವನಿಗೂ ಅನ್ನಿಸಿತ್ತು. ಜಟ್ಟು ಇದ್ದಾನೆ, ಅರವತ್ತು ಜನ ಇದ್ದಾರೆ, ತಾನೊಂದು ಕೂಗು ಹಾಕಿದರೆ ಸಾಕು. ಈ ಹುಡುಗಿಗೆ ಹೆದರಿಕೆ, ಅಷ್ಟೇ, ಅಂತ ಅನ್ನಿಸಿತು. ಬಾಯಿಯ ನೀರು ಹಲ್ಲಿನ ತುದಿಗೆ ಬಂದಿತ್ತು.

ಆದರೆ ಉಗುಳಿದರೆ? ಉಗುಳಿದರೆ ಮುಂದಿನ ಭರತಕ್ಕೂ ಇವರೆಲ್ಲ ತನ್ನ ಮುಖವನ್ನೇ ನೋಡ್ತಾರೆ. ತಾನು ಸತ್ತ ಮೇಲೆ ತನ್ನ ಸುಡುಗಾಡಿನ ಕಡೆ ನೋಡ್ತಾ ನಿಲ್ತಾರೆ. ಏಳು ವರ್ಷದ ಉಪ್ಪುನೀರು ಒಂದು ಕ್ಷಣಕ್ಕೆ ಮಣ್ಣುಪಾಲು. ಅವನು ಸೋಮಿಯನ್ನು ನೋಡಿದ. ಅವಳು ಅವನ ಕಡೆ ನೋಡ್ತಾ ಇರಲಿಲ್ಲವಂತೆ, ನೀರಿನ ಕಡೆ ನೋಡ್ತಿದ್ಲು.

ಅಜ್ಜ ಜಟ್ಟುನ ಕೈ ಬಿಡಿಸಿಕೊಂಡ. ಬಗ್ಗಿ ಒಂದು ಬುಟ್ಟಿ ಮಣ್ಣು ತಲೆಗೆ ಏರಿಸಿಕೊಂಡ. ಕುಂಟುತ್ತಾ ಹೋಗಿ ಅಡ್ಡಕಟ್ಟೆಯ ಮೇಲೆ ಸುರಿದ. ಮೊದಲ ಬುಟ್ಟಿ ಅವನದ್ದು. ಎರಡನೆಯದು ಜಟ್ಟುದು. ಆಮೇಲೆ ಅರವತ್ತು ಜನ ಮುಗಿಬಿದ್ರು. ಸೋಮಿ ಕೂಗಲಿಲ್ಲ. ಜಟ್ಟುನನ್ನು ಆಳದ ಕಡೆ ನಿಲ್ಲಿಸಿದಳು, ಮುದುಕರನ್ನು ಮಣ್ಣು ತುಂಬಿಸಲು ಹಾಕಿದಳು, ದಣಿದವರ ಬೆನ್ನು ಮುಟ್ಟಿ ಹಿಂದೆ ಕಳಿಸಿದಳು. ಮೊಣಕಾಲೆತ್ತರದ ಕಟ್ಟೆ ಸೊಂಟಕ್ಕೆ ಬಂತು, ಎದೆಗೆ ಬಂತು.

ಭರತ ನೆತ್ತಿಗೆ ಏರಿದಾಗ ಬಡಗು ಮೂಲೆಯ ಹೊರಕಟ್ಟೆ ಸದ್ದೇ ಇಲ್ಲದೆ ಕೂತುಬಿಟ್ಟಿತು. ಒಂದು ತೂತಲ್ಲ, ಒಂದು ಬಿರುಕಲ್ಲ, ನಲವತ್ತು ಮಾರು ಕಟ್ಟೆ ಒಂದೇ ಸಲ. ಅದರ ಮೇಲೆ ನಿಂತಿದ್ದರೆ ಒಬ್ಬರ ಹೆಣವೂ ಸಿಗ್ತಿರಲಿಲ್ಲ. ಮೂಲೆಯ ಐದು ಗದ್ದೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಮುದ್ರವಾಯ್ತು. ನೀರು ಅಡ್ಡಕಟ್ಟೆಯ ಅಂಚಿಗೆ ಬಂದು ನಾಲ್ಕು ಬೆರಳು ಕೆಳಗೆ ನಿಂತಿತು. ಮತ್ತೆ ಏರಲಿಲ್ಲ. ಆಮೇಲೆ ಇಳಿತ.

ಆಗ ಅಜ್ಜ ಉಗುಳಿದ ನೀರು ಎಳನೀರಿನಷ್ಟು ಸಿಹಿಯಾಗಿತ್ತು ಅಂತ ಹೇಳುವವರು ಹೇಳ್ತಾರೆ. ನಮ್ಮಜ್ಜಿ ಒಪ್ಪುತ್ತಿರಲಿಲ್ಲ. "ಎಲ್ಲಿಯ ಸಿಹಿ? ಉಪ್ಪಿಗೆ ನಾಲಿಗೆ ಸಿಪ್ಪೆ ಎದ್ದು ಮೂರು ದಿನ ಗಂಜಿ ಕುಡಿಯಲಿಕ್ಕೂ ಆಗ್ಲಿಲ್ಲ ಅವಂಗೆ," ಅಂತಿದ್ಲು.

ಜನ ಕುಣಿದ್ರು, ಕೂಗಿದ್ರು, ಸೋಮಿಯನ್ನು ಎತ್ತಿಕೊಳ್ಳಲಿಕ್ಕೆ ಬಂದ್ರು. ಅವಳು ಸಿಗಲಿಲ್ಲ. ಕೆಸರು ಮೆತ್ತಿದ ಸೀರೆಯಲ್ಲೇ ಗದ್ದೆ ಕಳೆದುಕೊಂಡ ಐದು ಮನೆಗೆ ಹೊರಟಿದ್ದಳು. ಅವಳ ಗದ್ದೆ ಆ ಮೂಲೆಯಲ್ಲಿ ಇರಲಿಲ್ಲ, ಅದೇ ಕಷ್ಟ. ಒಂದು ಮನೆಯ ಹೆಂಗಸು, "ನಿನ್ನ ಗದ್ದೆಯಾಗಿದ್ರೆ ಬಿಡ್ತಿದ್ಯಾ ನೀನು?" ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಸೋಮಿ ನಿಂತು ಪೂರ್ತಿ ಬೈಗುಳ ಕೇಳಿ, ಅವಳ ಅಳು ಮುಗಿದ ಮೇಲೆ ಮುಂದಿನ ಮನೆಗೆ ಹೋದಳು. ಕಡೆಗೆ ಮಂಕಾಳಜ್ಜನ ಅಂಗಳಕ್ಕೆ ಬಂದಳು.

"ಅಜ್ಜ, ನಿಮ್ಮ ಗದ್ದೆ ಬಿಟ್ಟದ್ದು ನಾನು," ಅಂದಳು. "ಮಳೆ ಅಲ್ಲ, ಭರತ ಅಲ್ಲ. ನಾನು."

"ಉಳಿದ ನಾಲ್ಕು ಮನೆಗೆ ಹೋದ್ಯಾ?"

"ಹೋಗಿಯೇ ಬಂದೆ."

"ನಾನಾಗಿದ್ರೆ ಬಿಡ್ತಿರ್ಲಿಲ್ಲ ಸೋಮಿ."

"ಗೊತ್ತು ಅಜ್ಜ."

"ನಾನಾಗಿದ್ರೆ ಅರವತ್ತು ಜನರನ್ನೂ ಅಲ್ಲೇ ನಿಲ್ಲಿಸ್ತಿದ್ದೆ," ಅಂದ, ಅಂದವನು ಮಗುವಿನ ಹಾಗೆ ಅತ್ತುಬಿಟ್ಟನಂತೆ. ಹೆದರಿ ಅತ್ತದ್ದೋ, ಸಂತೋಷಕ್ಕೆ ಅತ್ತದ್ದೋ, ಎರಡೂ ಇರಬೇಕು. ಅತ್ತು ಮುಗಿಸಿ ಮುಖ ಒರೆಸಿಕೊಂಡು, "ಹೊನ್ನಿ, ಇವಳಿಗೆ ಕಾಲಿಗೆ ನೀರು ಕೊಡು, ಉಣ್ಣಲಿಕ್ಕೆ ಹಾಕು," ಅಂದ. ಆಮೇಲೆ ಸೋಮಿಯನ್ನು ಕೇಳಿದ, "ನಾಳೆ ಶಂಖ ಯಾರದ್ದು?"

"ಜಟ್ಟುದು."

"ಹಾಂ," ಅಂದ. ನಾನೂ ಬರ್ತೇನೆ ಅನ್ನಲಿಲ್ಲ.

ಮಾರನೇ ದಿನ ಮಧ್ಯಾಹ್ನ ಮತ್ತೆ ಭರತ, ಹಿಂದಿನ ದಿನದಷ್ಟೇ ದೊಡ್ಡದು. ಜಟ್ಟು ಶಂಖ ಊದಿದ್ದು ಊರಿಗೆಲ್ಲ ಕೇಳಿತು. ಹೊನ್ನಿ ಗಂಡನನ್ನು ಹುಡುಕ್ತಾ ಜಗಲಿಗೆ ಬಂದ್ಲು. ನೋಡ್ತಾಳೆ, ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೀತಿದ್ದಾನೆ! ನಲವತ್ತು ವರ್ಷ ಭರತದ ಹೊತ್ತಿಗೆ ರೆಪ್ಪೆ ಮುಚ್ಚದ ಮನುಷ್ಯ. ಹೊನ್ನಿ ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತು ಮೊರದಲ್ಲಿ ನೊಣ ಓಡಿಸಿದ್ಲು. ಭರತ ಬಂತು, ಇಳೀತು, ಅವನಿಗೆ ಎಚ್ಚರವೇ ಇಲ್ಲ.

ಮೂಲೆಯ ಹೊರಕಟ್ಟೆ ಮತ್ತೆ ಎದ್ದಿತು, ಮನೆಗೊಂದು ಹಿಡಿಯಂತೆ ಸಸಿ ತಂದು ಊರವರೇ ಆ ಐದು ಗದ್ದೆ ನೆಟ್ಟುಕೊಟ್ರು. ಅಜ್ಜ ಆಮೇಲೆ ಎಷ್ಟು ವರ್ಷ ಬದುಕಿದ್ದ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅವನಿಗೆ ಕಲ್ಲು ನೆಡಲಿಲ್ಲ, ಗುಡಿ ಕಟ್ಟಲಿಲ್ಲ. ಆದರೆ ಇವತ್ತಿಗೂ ಆಷಾಢ ಹುಣ್ಣಿಮೆ ಮಧ್ಯಾಹ್ನ, ಕಟ್ಟೆಮಂದಿಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಮನೆಗೆ ಹೊಸ ಚಾಪೆ ಬರ್ತದೆ. ಜಗಲಿಯಲ್ಲಿ ಹಾಸಿ, ಮಲಗಿ ಅಂತಾರೆ. ಕಟ್ಟೆಯಲ್ಲಿ ಶಂಖ ಊದಿದರೂ ಏಳಬಾರದು, ಯಾರು ಊದಿದ್ದು ಅಂತ ಕೇಳಬಾರದು. ಇಳಿತ ಆಗುವ ತನಕ ಓಣಿಯ ಮಕ್ಕಳೂ ಸದ್ದು ಮಾಡದೆ ನಡೀತಾರೆ.

ನಿಜವಾಗಿ ನಿದ್ದೆ ಬರ್ತದಾ ಅಂತ ನೀವು ಕೇಳ್ತೀರಿ, ಗೊತ್ತು. ಹೋದ ವರ್ಷ ಚಾಪೆ ಬಂದದ್ದು ನನ್ನ ಮನೆಗೇ. ಶಂಖ ಕೇಳಿತು. ಕಾಲು ತಾನಾಗಿ ಎದ್ದು ಹೊರಟಿತ್ತು, ಎಳೆದು ಮಲಗಿದೆ. ಆಮೇಲೆ ಎಂತ ಆಯ್ತು ಅಂತ ಗೊತ್ತಿಲ್ಲ ಮಾರಾಯ್ರೆ. ಕಣ್ಣು ಬಿಟ್ಟಾಗ ಸಂಜೆಯಾಗಿತ್ತು, ಗದ್ದೆ ಹಸಿರಾಗಿಯೇ ಇತ್ತು.